ಹೊಸದುರ್ಗಕ್ಕೆ ಎರಡನೇ ದಾರಿ

ಹೆಸರು ಬರೆಯಬಾರದೆಂದು ಅವರೇ ಹೇಳಿದ್ದಾರೆ. ಬೀಳ್ಕೊಡುಗೆಯಾಗಿ ಒಂದು ವಾರ ಕಳೆದ ಮೇಲೆ ಫೋನು ಮಾಡಿ, "ಮೇಡಂ, ನಿಮ್ಮ ಬಗ್ಗೆ ನಾಲ್ಕು ಪುಟ ಬರೀಬೇಕು ಅಂತಿದೀನಿ" ಎಂದೆ. ಆ ಕಡೆ ಕುರಿಗಳ ಸದ್ದು ಕೇಳುತ್ತಿತ್ತು. "ಬರ್ಕಳಪ್ಪ. ಹೆಸರು ಮಾತ್ರ ಹಾಕಬ್ಯಾಡ. ನನ್ನ ಹೆಸರು ನೋಡಿದ್ರೆ ನಮ್ಮ ಅಣ್ತಮ್ಮಂದ್ರು ತಮ್ಮ ಹೆಸರು ಯಾಕಿಲ್ಲ ಅಂತ ಜಗಳ ತೆಗೀತಾರೆ" ಎಂದರು. ಆದ್ದರಿಂದ ಇಲ್ಲಿ ಅವರು ಬರೀ ಮೇಡಂ. ಕಚೇರಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ.

ನಾನು ಅವರ ಕೈಕೆಳಗೆ ಕೆಲಸಕ್ಕೆ ಬಂದದ್ದು ಇಷ್ಟಪಟ್ಟಲ್ಲ. ಹೊಳಲ್ಕೆರೆಯ ಒಂದು ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಟೈಪಿಸ್ಟ್ ಆಗಿದ್ದೆ. ಸಾಹೇಬರುಗಳೇ ತಮ್ಮ ಪತ್ರ ತಾವೇ ಟೈಪು ಮಾಡಿಕೊಳ್ಳುವ ಕಾಲ ಬಂದ ಮೇಲೆ ನನ್ನ ಹುದ್ದೆ ಬೇಡವಾಯಿತು. ಚಿತ್ರದುರ್ಗದ ನೆಟ್‌ವರ್ಕ್ ಕೋಣೆಗೆ ಹೋಗಬೇಕೆಂದು ಆದೇಶ ಬಂತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಊರುಗಳ ಕಚೇರಿ ಆಸ್ಪತ್ರೆಗಳ ಕಂಪ್ಯೂಟರುಗಳು ಒಂದರ ಜೊತೆಗೊಂದು ಮಾತಾಡುವುದು ಆ ಕೋಣೆಯ ಮೂಲಕ. ನನಗೆ ಆಗ ನಲವತ್ಮೂರು. ಆ ವಯಸ್ಸಿನಲ್ಲಿ ಹೊಸ ವಿದ್ಯೆ ಕಲಿಯಬೇಕು, ಅದೂ ಒಬ್ಬ ಹೆಂಗಸಿನಿಂದ ಎಂಬ ಸಿಟ್ಟು ಮನಸ್ಸಿನಲ್ಲಿತ್ತು. ಇವತ್ತು ಅದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಹೋದ ದಿನ ಅವರು ಸ್ಟೂಲಿನ ಮೇಲೆ ಕುಳಿತು ಕಾಗದದ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತಿದ್ದರು. ಗಿಡ್ಡ ಆಳು, ಕೆನ್ನೆಯ ಮೇಲೊಂದು ಹಳೆಯ ಗಾಯದ ಗುರುತು, ಕಾಲಲ್ಲಿ ರಬ್ಬರು ಚಪ್ಪಲಿ. ನನ್ನ ಆದೇಶದ ಪ್ರತಿಯನ್ನು ಪೂರ್ತಿ ಓದಿದರು.

"ಟೈಪಿಂಗು ನಿಮಿಷಕ್ಕೆ ಎಷ್ಟು ಪದ ಹೊಡೀತೀರಿ?"

"ಕನ್ನಡದಲ್ಲಿ ನಲವತ್ತೈದು."

"ತಪ್ಪು?"

"ತಪ್ಪು ಬರಲ್ಲ ಮೇಡಂ."

"ಒಂದೂ ಬರಲ್ವಾ?"

"ಇಲ್ಲ."

ಅವರು ಪೊಟ್ಟಣವನ್ನು ನನ್ನ ಕಡೆ ಚಾಚಿದರು. "ಹಂಗಾದ್ರೆ ನಿಮಗೆ ಇಲ್ಲಿ ಸ್ವಲ್ಪ ಕಷ್ಟ ಆಗ್ತದೆ. ಕುಂತ್ಕಳ್ರಿ. ಮೆಣಸಿನಕಾಯಿ ಕಡಿಮೆ ಐತೆ, ತಿನ್ರಿ."

ಮಾರನೆಯ ದಿನ ಪಾಠ ಶುರುವಾಯಿತು. ಪುಸ್ತಕ ಕೊಡುತ್ತಾರೆಂದು ನಾನು ಪೆನ್ನು ನೋಟುಬುಕ್ಕು ತಂದಿದ್ದೆ. ಅವರು ನಾಲ್ಕು ಕುರ್ಚಿಗಳನ್ನು ದೂರದೂರ ಹಾಕಿ ಒಂದೊಂದಕ್ಕೆ ಒಂದೊಂದು ಊರಿನ ಹೆಸರು ಬರೆದ ರಟ್ಟು ಅಂಟಿಸಿದರು. ಜೀಪಿನ ಡ್ರೈವರು ಹಿರಿಯೂರು, ಕಸ ಗುಡಿಸುವ ಅಜ್ಜಿ ಹೊಳಲ್ಕೆರೆ, ನಾನು ಚಿತ್ರದುರ್ಗ. ಚಹಾ ತಂದ ಹೆಂಗಸನ್ನೂ ಬಿಡದೆ ಹಿಡಿದು ಹೊಸದುರ್ಗದಲ್ಲಿ ಕೂರಿಸಿದರು. ಪ್ರತಿಯೊಬ್ಬರ ಕೈಗೂ ಒಂದು ಪಟ್ಟಿ ಕೊಟ್ಟರು. ನನ್ನ ಪಟ್ಟಿಯಲ್ಲಿ ಇದ್ದದ್ದು ಇಷ್ಟೇ: ಹಿರಿಯೂರಿನದು ಬಂದರೆ ಹಿರಿಯೂರಿಗೆ ಕೊಡು, ಹೊಳಲ್ಕೆರೆಯದು ಬಂದರೆ ಹೊಳಲ್ಕೆರೆಗೆ ಕೊಡು, ಹೊಸದುರ್ಗದ್ದು ಬಂದರೂ ಹೊಳಲ್ಕೆರೆಗೇ ಕೊಡು.

ಆಮೇಲೆ ಒಂದು ಕಾಗದದಲ್ಲಿ 'ಮೂರು ಗಂಟೆಗೆ ಸಭೆ ಐತೆ ತಪ್ಪದೆ ಬರ್ರಿ' ಎಂದು ಬರೆದು, ಒಂದೊಂದು ಪದವನ್ನೂ ಹರಿದು ಆರು ಚೀಟಿ ಮಾಡಿದರು. ಪ್ರತಿ ಚೀಟಿಯ ಮೇಲೂ ಯಾರಿಂದ, ಯಾರಿಗೆ, ಎಷ್ಟನೆಯದು ಎಂದು ಬರೆದರು. ಹಿರಿಯೂರಿನಿಂದ ಹೊಸದುರ್ಗಕ್ಕೆ ಚೀಟಿಗಳು ಹೊರಟವು. ಅಜ್ಜಿ ನಡುವೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಎರಡು ಚೀಟಿ ಹಿಂದುಮುಂದು ಮಾಡಿದಳು, ಒಂದನ್ನು ಕುರ್ಚಿಯ ಕೆಳಗೆ ಬೀಳಿಸಿದಳು. ಚಹಾದವಳು ಬಂದಷ್ಟನ್ನು ಅಂಕಿಯ ಪ್ರಕಾರ ಜೋಡಿಸಿಕೊಂಡು, "ನಾಕನೇದು ಬಂದಿಲ್ಲ, ಇನ್ನೊಂದ್ಸಲ ಕಳ್ಸು" ಎಂದು ಡ್ರೈವರಿಗೆ ಕೂಗಿದಳು.

"ಇಷ್ಟೇ ನೋಡ್ರಿ" ಎಂದರು ಮೇಡಂ. "ಇದೇ ಪ್ಯಾಕೆಟ್ಟು, ಇದೇ ರೂಟರು. ನಡುವಿನವರಿಗೆ ಇಡೀ ಮಾತು ಗೊತ್ತಿರಬೇಕಿಲ್ಲ, ಇಡೀ ದಾರಿನೂ ಗೊತ್ತಿರಬೇಕಿಲ್ಲ. ಮುಂದಿನ ಕೈ ಯಾರದು ಅಂತ ಗೊತ್ತಿದ್ರೆ ಆತು."

ನಾನು ಹಟಕ್ಕೆ ಬಿದ್ದವನಂತೆ ಕೇಳಿದೆ, "ನಾನು ಹೊಳಲ್ಕೆರೆಗೆ ಕೊಟ್ಟದ್ದನ್ನ ಹೊಳಲ್ಕೆರೆ ತಿರುಗಿ ನನಗೇ ಕೊಟ್ರೆ?"

"ಒಳ್ಳೇ ಪ್ರಶ್ನೆ" ಎಂದು ಒಂದು ಚೀಟಿಯ ಮೂಲೆಯಲ್ಲಿ ಎಂಟು ಎಂದು ಬರೆದರು. "ಪ್ರತಿ ಚೀಟಿಗೂ ಆಯಸ್ಸು ಐತೆ. ಕೈ ಬದಲಾದಾಗೆಲ್ಲ ಒಂದೊಂದು ಕಮ್ಮಿ. ಸೊನ್ನೆ ಆದಾಗ ಯಾರ ಕೈಯಾಗೆ ಐತೋ ಅವರು ಹರಿದು ಬಿಸಾಕಬೇಕು. ಇಲ್ಲಾಂದ್ರೆ ಕಳೆದುಹೋದ ಚೀಟಿಗಳೇ ಸುತ್ತಿ ಸುತ್ತಿ ದಾರಿ ತುಂಬಿಬಿಡ್ತಾವೆ."

ನೋಟುಬುಕ್ಕಿನಲ್ಲಿ ಅವತ್ತು ನಾನು ಏನೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳದೆಯೂ ಅದು ಇವತ್ತಿನವರೆಗೆ ಮರೆತಿಲ್ಲ.

ಇಂಥ ಪಾಠ ಅವರಿಗೆ ಯಾರೂ ಮಾಡಿರಲಿಲ್ಲ. ಯಲ್ಲದಕೆರೆ ಕಡೆಯ ಒಂದು ಹಟ್ಟಿಯಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವರು. ಹತ್ತನೇ ತರಗತಿ ಮುಗಿಸಿ ಕೆಲ ವರ್ಷಕ್ಕೆ ಹಿರಿಯೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದರು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಅದು. ಹಿರಿಯೂರಿನ ಹಳೆಯ ಅಂಗಡಿಗಳವರಿಗೆ ಈಗಲೂ ಅವರ ಮುಖಕ್ಕಿಂತ ದನಿ ಚೆನ್ನಾಗಿ ಗೊತ್ತು.

ಅಲ್ಲಿಯ ಒಂದು ದಿನವನ್ನು ಅವರು ನನಗೆ ಎರಡು ಮೂರು ಸಲ ಹೇಳಿದ್ದಾರೆ. ಬೆಂಗಳೂರಿಗೆ ಹೋಗುವ ಒಂದೇ ತಂತಿಯಲ್ಲಿ ಗಂಡ ಹೆಂಡತಿ ಇಬ್ಬರು ಮಾತಾಡುತ್ತಿದ್ದರಂತೆ. ಮಾತಾಡುತ್ತಿದ್ದರು ಎನ್ನುವುದೂ ತಪ್ಪು. ಜಗಳವಾಡಿ ಮುನಿಸಿಕೊಂಡು ಎರಡೂ ಕಡೆ ಸುಮ್ಮನೆ ರಿಸೀವರು ಹಿಡಿದು ನಿಂತಿದ್ದರು. ಅಷ್ಟರಲ್ಲಿ ಒಬ್ಬ ಮನುಷ್ಯ ಏದುಸಿರು ಬಿಡುತ್ತಾ ಬಂದ. ತಮ್ಮನಿಗೆ ಹಾವು ಕಚ್ಚಿದೆ, ಔಷಧಿ ಇಲ್ಲಿಲ್ಲ, ಬೆಂಗಳೂರಿನಿಂದ ಹೊರಡುವ ಗಾಡಿಯಲ್ಲಿ ತರಿಸಬೇಕು, ಒಂದು ಮಾತು ಆಡಿಸಿಕೊಡಿ ಎಂದು ಬೇಡಿಕೊಂಡ.

"ನಡುವೆ ತಂತಿ ಕತ್ತರಿಸೋ ಅಧಿಕಾರ ನನಗಿರಲಿಲ್ಲ. ಮೂರು ನಿಮಿಷ ಆ ಇಬ್ಬರ ಉಸಿರು ಕೇಳ್ಕಂಡು ಕುಂತಿದ್ದೆ. ಒಂದು ಮಾತಿಲ್ಲ ಕಥೆಯಿಲ್ಲ, ಆದ್ರೂ ಹಿರಿಯೂರಿಂದ ಬೆಂಗಳೂರಿನ ತನಕ ಇಡೀ ತಂತಿ ಅವರದೇ."

"ಆಮೇಲೆ?"

"ಆಡಿಸಿಕೊಟ್ಟೆ. ಗಾಡಿ ಅಷ್ಟೊತ್ತಿಗೆ ಹೊರಟು ಹೋಗಿತ್ತು. ಮುಂದಿನ ಗಾಡಿಗೆ ಬಂತು. ತಮ್ಮ ಬದುಕಿದ, ಕಾಲು ಉಳೀಲಿಲ್ಲ."

ಎಷ್ಟೋ ವರ್ಷದ ಮೇಲೆ, ಕೈಯಿಂದ ಜೋಡಿಸುವ ಎಕ್ಸ್‌ಚೇಂಜು ಮುಚ್ಚಿ ಆಪರೇಟರುಗಳೆಲ್ಲ ಗುಮಾಸ್ತರಾದಾಗ, ತರಬೇತಿಯೊಂದರಲ್ಲಿ ಯಾರೋ ಒಬ್ಬರು ಕಪ್ಪು ಹಲಗೆಯ ಮೇಲೆ ಪ್ಯಾಕೆಟ್ಟಿನ ಚಿತ್ರ ಬರೆದು ತೋರಿಸಿದರಂತೆ. ಮಾತನ್ನು ತುಂಡು ಮಾಡಿ ಕಳಿಸುವುದು, ಒಂದೇ ತಂತಿಯಲ್ಲಿ ನೂರು ಜನರ ತುಂಡುಗಳು ಸಾಗುವುದು, ಸುಮ್ಮನಿರುವವರಿಗೆ ತಂತಿಯ ಮೇಲೆ ಹಕ್ಕಿಲ್ಲದಿರುವುದು. ಮೇಡಂ ಅವತ್ತು ಊಟಕ್ಕೂ ಹೋಗದೆ ಆ ಹಲಗೆಯನ್ನು ನೋಡುತ್ತಾ ಕುಳಿತಿದ್ದರು. ಆಮೇಲೆ ರಜೆ ಹಾಕಿ ಡಿಪ್ಲೊಮಾ ಓದಿದರು. ಗಂಡ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಇವರು ಗಣಿತ ಮಾಡುವಾಗ ಮನೆಯವರ್ಯಾರೂ ಮಾತಾಡದಂತೆ ಸೀಟಿ ಹಾಕುತ್ತಿದ್ದರೆಂದು ಹೇಳಿ ನಗುತ್ತಿದ್ದರು.

ಕೋಣೆಯಲ್ಲಿ ಕುಳಿತು ಕೆಲಸ ಮಾಡುವ ಜಾತಿ ಅವರದಲ್ಲ. ನೆಲದಡಿ ಫೈಬರ್ ಕೇಬಲ್ ಹೋದ ದಾರಿಯನ್ನೆಲ್ಲ ಕಾಲಲ್ಲಿ ಅಳೆದಿದ್ದರು. ಯಾವ ಮೋರಿಯ ಕೆಳಗೆ ಕೇಬಲ್ಲು ಎಡಕ್ಕೆ ತಿರುಗುತ್ತದೆ, ಯಾವ ಬೇವಿನ ಮರದ ಹತ್ತಿರ ಆಳ ಕಡಿಮೆ, ಎಲ್ಲ ಬಾಯಲ್ಲೇ ಇರುತ್ತಿತ್ತು. ನಮ್ಮ ದೊಡ್ಡ ವೈರಿ ಜೆಸಿಬಿ. ರಸ್ತೆ ಅಗಲ ಮಾಡುವಾಗ, ನೀರಿನ ಪೈಪು ಹಾಕುವಾಗ ಒಂದು ಸಲ ಹಲ್ಲು ಊರಿದರೆ ಒಂದು ತಾಲ್ಲೂಕು ಕತ್ತಲೆ. ಉಳಿದ ಅಧಿಕಾರಿಗಳು ನೋಟೀಸು ಕಳಿಸುತ್ತಿದ್ದರು. ಮೇಡಂ ಕೇಬಲ್ ಹೋದ ಕಡೆ ರಸ್ತೆ ಬದಿಯ ಕಲ್ಲುಗಳ ಮೇಲೆ ಹಳದಿ ಬಣ್ಣದಲ್ಲಿ 'ಅಗೆಯೋ ಮುಂಚೆ ಫೋನ್ ಮಾಡಪ್ಪ' ಎಂದು ಬರೆಸಿ ಕೆಳಗೆ ತಮ್ಮ ನಂಬರು ಹಾಕಿಸಿದರು. ಡ್ರೈವರುಗಳು ಮಾಡುತ್ತಲೂ ಇದ್ದರು. ಊಟ ಮಾಡುತ್ತಿದ್ದವರು ಎಡಗೈಯಲ್ಲಿ ಫೋನು ಹಿಡಿದು, "ಎಲ್ಲಿದೀಯ? ಮೈಲಿಗಲ್ಲು ಎಷ್ಟು ಐತೆ? ಅಲ್ಲಿಂದ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ಅಗಿ" ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ.

ಇನ್ನು ನನ್ನ ತಪ್ಪಿನ ಮಾತು.

ನಾನು ಬಂದ ಎರಡನೇ ವರ್ಷ ಚಿತ್ರದುರ್ಗದ ರೂಟರು ಹಳೆಯದಾಗಿ ಹೊಸದು ಬಂತು. ಆಗ ನಮ್ಮಲ್ಲಿ ದಾರಿಗಳನ್ನೆಲ್ಲ ಕೈಯಿಂದಲೇ ಬರೆಯಬೇಕಿತ್ತು. ಕುರ್ಚಿಯಾಟದ ಪಟ್ಟಿಯಂತೆಯೇ, ಇಂಥಲ್ಲಿಗೆ ಹೋಗುವುದು ಇಂಥವರ ಕೈಗೆ ಎಂಬ ಅರವತ್ತು ಸಾಲು. ಒಂದು ಸೋಮವಾರ ಬೆಳಿಗ್ಗೆ ನಾನೇ ಅವನ್ನು ಹೊಸ ಯಂತ್ರಕ್ಕೆ ಟೈಪು ಮಾಡಿದೆ. ಹೊಳಲ್ಕೆರೆಯ ವಿಳಾಸಕ್ಕೂ ಹಿರಿಯೂರಿನ ವಿಳಾಸಕ್ಕೂ ಕೊನೆಯ ಒಂದು ಅಂಕಿ ಮಾತ್ರ ವ್ಯತ್ಯಾಸ. ಹೊಸದುರ್ಗದ ಸಾಲಿನಲ್ಲಿ ಹೊಳಲ್ಕೆರೆಯ ಬದಲು ಹಿರಿಯೂರು ಬಿತ್ತು. ನನ್ನ ಬೆರಳಿಗೂ ಗೊತ್ತಾಗಲಿಲ್ಲ, ಕಣ್ಣಿಗೂ ಗೊತ್ತಾಗಲಿಲ್ಲ.

ಹತ್ತು ಗಂಟೆಗೆ ಹೊಸದುರ್ಗದಿಂದ ಫೋನು ಬಂತು. ಪ್ರಮಾಣಪತ್ರ ಕೊಡುವ ಕಿಟಕಿಯಲ್ಲಿ ಕಂಪ್ಯೂಟರು ನಿಂತಿದೆ, ಹೊರಗೆ ಉದ್ದ ಸಾಲಿದೆ. ಮೇಡಂ ಹೊಳಲ್ಕೆರೆಗೆ ಹೋಗಿದ್ದರು. ನಾನು ಕೇಬಲ್ ನೋಡಿದೆ, ಸರಿಯಿತ್ತು. ಹೊಳಲ್ಕೆರೆ ನೋಡಿದೆ, ಸರಿಯಿತ್ತು. ಒಂದೂವರೆ ಗಂಟೆ ಒದ್ದಾಡಿ ಕೊನೆಗೆ ಅವರಿಗೆ ಫೋನು ಮಾಡಿದೆ. ಪ್ಯಾಕೆಟ್ಟು ಯಾವ್ಯಾವ ಕೈ ದಾಟಿ ಹೋಗುತ್ತಿದೆ ಎಂದು ತೋರಿಸುವ ಒಂದು ಆಜ್ಞೆ ಇದೆ. ಅದನ್ನು ಹೊಡೆದು, ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದು ಎಂದರು.

"ಚಿತ್ರದುರ್ಗ" ಎಂದೆ. "ಹಿರಿಯೂರು. ಚಿತ್ರದುರ್ಗ. ಹಿರಿಯೂರು. ಚಿತ್ರದುರ್ಗ. ಹಿರಿಯೂರು..." ಓದುತ್ತಾ ಓದುತ್ತಾ ನನ್ನ ದನಿ ಇಳಿಯಿತು. ಹಿರಿಯೂರಿನ ಪಟ್ಟಿಯ ಪ್ರಕಾರ ಹೊಸದುರ್ಗದ್ದೆಲ್ಲ ಚಿತ್ರದುರ್ಗದ ಕೈಗೆ. ನಾನು ಅದನ್ನೇ ತಿರುಗಿ ಹಿರಿಯೂರಿಗೆ ಕೊಡುತ್ತಿದ್ದೆ. ಒಂದು ತಾಲ್ಲೂಕಿನ ಜನರ ಅರ್ಜಿಗಳೆಲ್ಲ ಎರಡು ಊರಿನ ನಡುವೆ ಓಡಾಡಿ ಓಡಾಡಿ ಸಾಯುತ್ತಿದ್ದವು.

"ಸಾಕು ನಿಲ್ಲಿಸು" ಎಂದರು ಮೇಡಂ. "ನಿಂಗೇ ಗೊತ್ತಾತಲ್ಲ. ಸರಿ ಮಾಡು."

ಅಲ್ಲಿಯವರೆಗೆ ನನ್ನನ್ನು 'ನೀವು' ಎನ್ನುತ್ತಿದ್ದವರು ಅವತ್ತಿನಿಂದ 'ನೀನು' ಎಂದರು. ಬೈಗುಳ ಬರುತ್ತದೆಂದು ಕಾದೆ, ಬರಲಿಲ್ಲ. ಮಾರನೆಯ ಬೆಳಿಗ್ಗೆ, "ನಡಿ, ಹೊಸದುರ್ಗಕ್ಕೆ ಹೋಗಾಣ" ಎಂದು ಜೀಪು ಹತ್ತಿಸಿದರು.

ಕಿಟಕಿಯ ಮುಂದೆ ಅವತ್ತೂ ಸಾಲಿತ್ತು. ಹಿಂದಿನ ದಿನ ಕಾದು ವಾಪಸು ಹೋದವರು ಯಾರಾದರೂ ಬಂದಿದ್ದಾರೆಯೇ ಎಂದು ಮೇಡಂ ಗುಮಾಸ್ತರನ್ನು ಕೇಳಿದರು. ಅವರು ಒಬ್ಬ ತಾಯಿ ಮಗಳನ್ನು ತೋರಿಸಿದರು. ತಾಯಿ ತೋಟದ ಕೆಲಸಕ್ಕೆ ಹೋಗುವವಳು, ಮಗಳು ಕಾಲೇಜಿಗೆ ಸೇರುವವಳು. ಹಾಸ್ಟೆಲ್ ಅರ್ಜಿಗೆ ಆದಾಯದ ಪ್ರಮಾಣಪತ್ರ ಬೇಕಿತ್ತು, ಅರ್ಜಿ ಕೊಡಲು ಅವತ್ತೇ ಕಡೆಯ ದಿನ. ಮೇಡಂ ನನ್ನ ತೋಳು ಹಿಡಿದು ಅವರ ಮುಂದೆ ನಿಲ್ಲಿಸಿದರು.

"ನೋಡವ್ವ, ನಿನ್ನೆ ಇವರ ಕೈತಪ್ಪಿನಿಂದ ಕಂಪ್ಯೂಟರು ನಿಂತಿತ್ತು. ನಿಮಗೆ ತೊಂದ್ರೆ ಆತು. ಹೇಳಿ ಹೋಗಾಣ ಅಂತ ಬಂದ್ವಿ."

ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಂದ್ರೆ ಆ ಕಂಪ್ಯೂಟರ್ ಹಿಂದೆ ಮನುಷ್ಯರು ಅವ್ರಾ? ಕರೆಂಟ್ ಹೋದಂಗೆ ಅದೂ ತಾನೇ ಹೋಗ್ತದೆ ಅಂತ ತಿಳ್ಕಂಡಿದ್ದೆ."

"ತಪ್ಪಾಯ್ತು ತಾಯಿ" ಎಂದೆ.

"ಆಗ್ಲಿ ಬಿಡಪ್ಪ. ಎರಡು ದಿನ ಕೆಲಸ ತಪ್ಪಿತು, ಹುಡುಗಿದು ತಪ್ಪಲಿಲ್ಲ ಅಂದ್ರೆ ಸಾಕು" ಎಂದಳು. ಕಿಟಕಿಯಲ್ಲಿ ಮಗಳ ಹೆಸರು ಕರೆದರು. ಪ್ರಮಾಣಪತ್ರ ಅಚ್ಚಾಗಿ ಬರುವವರೆಗೆ ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಹುಡುಗಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚದೆ ಇಟ್ಟುಕೊಂಡು, ಓಡಿದರೆ ಅಮ್ಮ ಬೈಯುತ್ತಾಳೇನೋ ಎಂಬಂತೆ ಬಿರಬಿರನೆ ಕಾಲೇಜಿನ ಕಡೆ ನಡೆದಳು.

ವಾಪಸು ಬರುವಾಗ ಮೇಡಂ ಶೇಂಗಾ ಸುಲಿಯುತ್ತಾ, "ಪಟ್ಟಿಗೆ ಇನ್ನೂ ನಾಕು ಸಾಲು ಸೇರಿಸೋದೈತೆ. ನಾಳೆ ಹೊಡಿ" ಎಂದರು.

"ನಾನು ಹೊಡೆಯಲ್ಲ ಮೇಡಂ. ಬೇರೆ ಏನು ಕೆಲಸ ಹೇಳಿದ್ರೂ ಮಾಡ್ತೀನಿ."

ಅವರು ಒತ್ತಾಯಿಸಲಿಲ್ಲ. ಎರಡು ವರ್ಷ ನಾನು ಕೇಬಲ್ ಹೊತ್ತೆ, ದೂರು ಬರೆದುಕೊಂಡೆ, ಬ್ಯಾಟರಿಗೆ ನೀರು ಹಾಕಿದೆ, ದಾರಿಯ ಪಟ್ಟಿಗೆ ಮಾತ್ರ ಕೈ ಹಚ್ಚಲಿಲ್ಲ. ಆ ಕೆಲಸವನ್ನು ಅವರು ಇನ್ನೊಬ್ಬರಿಗೂ ಕೊಡಲಿಲ್ಲ. ತಾವೇ ಟೈಪು ಮಾಡುತ್ತಿದ್ದರು, ಎರಡು ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ. ಪ್ರತಿ ಸಲವೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಾನು ಹೊಡೀತೀನಿ, ನೀನು ಓದು" ಎನ್ನುತ್ತಿದ್ದರು. ನನ್ನ ಕಣ್ಣಿಗೆ ಅವರ ತಪ್ಪುಗಳು ಸಿಗುತ್ತಿದ್ದವು. ಸಿಕ್ಕಾಗ, "ನೋಡಿದ್ಯಾ, ನನಗೂ ಬರ್ತಾವೆ" ಎಂದು ಅಳಿಸಿ ಮತ್ತೆ ಹೊಡೆಯುತ್ತಿದ್ದರು. ಕೆಲವನ್ನು ಬೇಕೆಂದೇ ಮಾಡುತ್ತಿದ್ದರೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ.

ಆ ವರ್ಷಗಳಲ್ಲಿ ಅವರ ತಲೆಯಲ್ಲಿದ್ದದ್ದು ಒಂದೇ ವಿಷಯ. ಹೊಸದುರ್ಗಕ್ಕೆ ನಮ್ಮ ಕೇಬಲ್ಲು ಹೋಗುತ್ತಿದ್ದದ್ದು ಹೊಳಲ್ಕೆರೆಯ ಮೇಲೆ ಮಾತ್ರ. ಆ ರಸ್ತೆಯಲ್ಲಿ ಎಲ್ಲಿ ಹರಿದರೂ ಹೊಸದುರ್ಗ ನಮ್ಮ ಕೈಬಿಟ್ಟು ಹೋಗುತ್ತಿತ್ತು. ಹಿರಿಯೂರಿನಿಂದ ಹೊಸದುರ್ಗಕ್ಕೆ ಇನ್ನೊಂದು ಎಳೆ ಸಿಕ್ಕಿದರೆ ನಾಲ್ಕೂ ಊರು ಬಳೆಯಂತೆ ಕೂಡಿಕೊಳ್ಳುತ್ತವೆ, ಒಂದು ಕಡೆ ಮುರಿದರೆ ಇನ್ನೊಂದು ಕಡೆಯಿಂದ ಹೋಗಬಹುದು. ಮೇಲಿನವರಿಗೆ ಪತ್ರ ಬರೆದು ಬರೆದು ಸಾಕಾಗಿತ್ತು. ಪ್ರತಿ ತಾಲ್ಲೂಕಿಗೂ ಒಂದು ಸಂಪರ್ಕ ಇದ್ದೇ ಇದೆಯಲ್ಲ ಎಂಬ ಉತ್ತರ ಬರುತ್ತಿತ್ತು.

ದಾರಿಯನ್ನು ಅವರೇ ಹುಡುಕಿದರು. ಆ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಅವುಗಳ ಕಂಪನಿಯವರು ಯಂತ್ರದಿಂದ ಯಂತ್ರಕ್ಕೆ ತಮ್ಮದೇ ಫೈಬರ್ ಎಳೆದುಕೊಂಡಿರುತ್ತಾರೆ ಎಂಬುದು, ಅಲ್ಲಿ ಕುರಿ ಮೇಯಿಸುವ ಅವರ ತಮ್ಮ ಗುಂಡಿ ತೋಡಿದ್ದನ್ನು ನೋಡಿ ಬಂದು ಹೇಳಿದ್ದರಿಂದ ಗೊತ್ತಾಯಿತು. ಮೇಡಂ ರಜೆಯ ದಿನಗಳಲ್ಲಿ ಆ ಗುಡ್ಡದ ಸಾಲನ್ನು ನಡೆದರು. ಎರಡು ಸಲ ನಾನೂ ಜೊತೆಗೆ ಹೋಗಿದ್ದೆ. ಅವರಿಗಿಂತ ಹನ್ನೆರಡು ವರ್ಷ ಚಿಕ್ಕವನಾದ ನಾನು ಅಲ್ಲಲ್ಲಿ ಕೂರುತ್ತಿದ್ದೆ, ಅವರು ಮುಂದೆ ಹೋಗಿ ನಿಂತು, "ಬಾರಪ್ಪ, ಇನ್ನೊಂದು ಏರು ಅಷ್ಟೇ" ಎನ್ನುತ್ತಿದ್ದರು. ನಾಲ್ಕು ಏರು ಆದ ಮೇಲೂ ಅದೇ ಮಾತು.

ಆ ಕಂಪನಿಯ ವ್ಯವಸ್ಥಾಪಕರ ಬಳಿಗೆ ಮೂರು ಸಲ ಹೋದರು. ಎರಡು ಸಲ ಅವರು ಸಿಗಲೇ ಇಲ್ಲ. ಮೂರನೆಯ ಸಲ ಮೇಡಂ ನಡೆದು ಬರೆದ ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ಅವರು ಕನ್ನಡಕ ಹಾಕಿಕೊಂಡು ನೋಡಿ, "ಇದನ್ನ ನಮ್ಮವರೂ ಇಷ್ಟು ಚೆನ್ನಾಗಿ ಬರೆದಿಲ್ಲ. ನಿಮಗೇನು ಬೇಕು?" ಎಂದರು.

"ನಿಮ್ಮ ಕೇಬಲ್ಲಾಗೆ ಬಳಸದೆ ಇರೋ ಎಳೆಗಳು ಅವೆ ಸಾರ್. ಎರಡು ಎಳೆ ಕೊಡ್ರಿ. ಹೊಸದುರ್ಗಕ್ಕೆ ಈಗ ಒಂದೇ ದಾರಿ ಐತೆ. ಅಲ್ಲಿ ಆಸ್ಪತ್ರೆ ಐತೆ."

ಅವರು ಕೊಟ್ಟರು. ಕಾಗದಪತ್ರ ಓಡಾಡಿ ಮುಗಿಯಲು ಒಂದು ವರ್ಷ ಹಿಡಿಯಿತು, ಆದರೂ ಕೊಟ್ಟರು.

ಎಳೆ ಬಂದ ಮೇಲೆ ಇನ್ನೊಂದು ಕೆಲಸ ಉಳಿದಿತ್ತು. ದಾರಿಗಳನ್ನು ಕೈಯಿಂದ ಬರೆಯುವುದನ್ನು ಬಿಟ್ಟು, ರೂಟರುಗಳೇ ತಮ್ಮ ತಮ್ಮಲ್ಲಿ ಮಾತಾಡಿಕೊಂಡು ದಾರಿ ಕಂಡುಕೊಳ್ಳುವಂತೆ ಮಾಡಬೇಕು. ನನ್ನ ಪಕ್ಕದಲ್ಲಿ ಯಾರಿದ್ದಾರೆ, ಅಲ್ಲಿಗೆ ಎಷ್ಟು ದೂರ ಎಂದು ಪ್ರತಿಯೊಂದೂ ಉಳಿದವಕ್ಕೆ ಹೇಳುತ್ತಿರುತ್ತದೆ. ಒಂದು ಕೇಬಲ್ ಹರಿದರೆ ಆ ಸುದ್ದಿಯೂ ಕೈಯಿಂದ ಕೈಗೆ ಹಬ್ಬಿ, ಎಲ್ಲವೂ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತವೆ. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ.

"ಯಾವುದಾದ್ರೂ ಒಂದು ತಪ್ಪು ಸುದ್ದಿ ಹೇಳಿದ್ರೆ?"

"ಹೇಳ್ತಾವೆ ಒಂದೊಂದ್ಸಲ. ಅದಕ್ಕೇ ನಾವಿರೋದು."

"ಕೈಯಿಂದ ಬರೆದಿದ್ರೆ ನಮಗೆ ಗೊತ್ತಿರುತ್ತೆ ಮೇಡಂ."

"ಗೊತ್ತಿತ್ತಾ?" ಎಂದರು. ಚುಚ್ಚಬೇಕೆಂದು ಕೇಳಿದ ಹಾಗಿರಲಿಲ್ಲ, ನಿಜವಾಗಿಯೂ ಕೇಳಿದ್ದರು.

ಒಂದು ಗುರುವಾರ, ಊಟದ ವೇಳೆಗೆ ಕಿಟಕಿಗಳು ಮುಚ್ಚಿದಾಗ ನಾಲ್ಕೂ ಊರಿನಲ್ಲಿ ಒಟ್ಟಿಗೆ ಬದಲಾಯಿಸುವುದೆಂದು ತೀರ್ಮಾನವಾಯಿತು. ಹಿರಿಯೂರು, ಹೊಳಲ್ಕೆರೆಗಳಲ್ಲಿ ಅಲ್ಲಿಯ ತಂತ್ರಜ್ಞರು. ಮೇಡಂ ಹೊಸದುರ್ಗಕ್ಕೆ ಹೋಗುತ್ತಾರೆ. ಚಿತ್ರದುರ್ಗದಲ್ಲಿ ನಾನು.

"ಮೇಡಂ, ಇಲ್ಲಿಗೆ ಬೇರೆ ಯಾರನ್ನಾದ್ರೂ..."

"ಬೇರೆ ಯಾರಿಲ್ಲ" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಹನ್ನೊಂದು ಸಾಲು. ಎರಡು ವರ್ಷದ ಮೇಲೆ ಆ ಯಂತ್ರದ ಕೀಲಿಗಳ ಮೇಲೆ ಬೆರಳಿಟ್ಟೆ. ಫೋನನ್ನು ಮೇಜಿನ ಮೇಲಿಟ್ಟುಕೊಂಡು ಒಂದೊಂದು ಸಾಲು ಹೊಡೆದು, ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿ, ಆಮೇಲೆ ಎಂಟರ್ ಒತ್ತಿದೆ. ಆ ಕಡೆಯಿಂದ ಅವರು ಪ್ರತಿ ಸಾಲಿಗೂ "ಹೂಂ" ಎನ್ನುತ್ತಿದ್ದರು. ಏಳನೆಯ ಸಾಲಿನಲ್ಲಿ ಒಂದು ಅಂಕಿ ತಪ್ಪಿತು. ಒತ್ತುವ ಮೊದಲೇ ನನಗೆ ಕಂಡಿತು.

"ಏಳನೇದು ತಪ್ಪು ಹೊಡೆದಿದೀನಿ ಮೇಡಂ. ಅಳಿಸ್ತಾ ಇದೀನಿ."

"ಹೂಂ" ಎಂದರು, ಉಳಿದವಕ್ಕೆ ಅಂದ ಹಾಗೆಯೇ.

ಹನ್ನೊಂದೂ ಮುಗಿದು ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಹೊಳಲ್ಕೆರೆ ಕಾಣಿಸಿಕೊಂಡಿತು. ಆಮೇಲೆ ಹಿರಿಯೂರು. ಅವುಗಳ ಬೆನ್ನಿಗೆ ಹೊಸದುರ್ಗ.

"ಈಗ ನಾನು ಹೊಳಲ್ಕೆರೆ ಕೇಬಲ್ ಕೀಳ್ತೀನಿ. ನೋಡ್ತಾ ಇರು" ಎಂದರು.

'ಇದ್ದೀಯಾ' ಎಂದು ನನ್ನ ಯಂತ್ರ ಕೇಳುತ್ತಿದ್ದದ್ದಕ್ಕೆ ಹೊಸದುರ್ಗದಿಂದ ಸೆಕೆಂಡಿಗೊಂದರಂತೆ ಬರುತ್ತಿದ್ದ ಉತ್ತರ ನಿಂತಿತು. ಒಂದು ಹೋಯಿತು, ಎರಡು, ಮೂರು. ನಾಲ್ಕನೆಯದು ಬಂತು. ಐದನೆಯದು ಬಂತು. ಆಮೇಲೆ ಬರುತ್ತಲೇ ಇದ್ದವು.

"ಬಂತಾ?"

"ಬಂತು ಮೇಡಂ."

"ಯಾವ ಕಡೆಯಿಂದ?"

"ಹಿರಿಯೂರಿಂದ."

ಆ ಕಡೆ ಕೇಬಲ್ಲು ಮತ್ತೆ ಚುಚ್ಚಿದ ಟಕ್ ಎಂಬ ಶಬ್ದ ಕೇಳಿಸಿತು. "ಊಟ ಮಾಡಿಲ್ಲ ನೀನು. ಮಾಡು ಹೋಗು" ಎಂದರು.

ಒಂದೂವರೆ ತಿಂಗಳ ನಂತರ ಒಂದು ದಿನ, ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ, ನಮ್ಮ ಪರದೆಯ ಮೇಲೆ ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಗೆರೆ ಕೆಂಪಾಯಿತು. ಅದೇ ಹೊತ್ತಿಗೆ ಮೇಡಂ ಫೋನು ಬಡಿದುಕೊಂಡಿತು. "ಅಕ್ಕ, ತಪ್ಪಾತು. ಕಲ್ಲು ಮಣ್ಣಾಗೆ ಮುಚ್ಚಿಹೋಗಿತ್ತು, ಕಾಣಲಿಲ್ಲ. ಹರಿದೋತು" ಎಂದು ಜೆಸಿಬಿಯವನು ಅಳುವವನಂತೆ ಹೇಳುವುದು ನನಗೂ ಕೇಳಿಸಿತು. ಮೇಡಂ ಅವನನ್ನು ಸಮಾಧಾನ ಮಾಡಿ, ಕೇಬಲ್ ಜೋಡಿಸುವವರನ್ನು ಕಳಿಸುವಷ್ಟರಲ್ಲಿ ಅರ್ಧ ಗಂಟೆಯಾಯಿತು, ಆಮೇಲೆ ನಾನು ಹೊಸದುರ್ಗದ ಆಸ್ಪತ್ರೆಗೆ ಫೋನು ಹಚ್ಚಿದೆ. ಎದೆನೋವೆಂದು ಬಂದವರ ಇಸಿಜಿಯನ್ನು ಅಲ್ಲಿಂದ ಚಿತ್ರದುರ್ಗದ ಹೃದಯದ ಡಾಕ್ಟರಿಗೆ ನಮ್ಮ ಜಾಲದಲ್ಲೇ ಕಳಿಸುತ್ತಿದ್ದರು.

"ನೆಟ್ ಹೆಂಗಿದೆ ಸಿಸ್ಟರ್?"

"ಯಾಕೆ ಸಾರ್? ಚೆನ್ನಾಗೈತಲ್ಲ. ಈಗಿನ್ನೂ ಒಬ್ಬ ಕಂಡಕ್ಟರದು ಇಸಿಜಿ ಕಳ್ಸಿದ್ವಿ. ಹಾರ್ಟ್ ಅಟ್ಯಾಕು ಅಂತ ಡಾಕ್ಟ್ರು ಅಂದ್ರು, ಇಂಜೆಕ್ಷನ್ ಹೇಳಿದ್ರು, ಕೊಟ್ವಿ. ಆಂಬುಲೆನ್ಸ್ ಹತ್ತಿಸ್ತಾ ಇದೀವಿ."

"ಕಳಿಸಿದ್ದು ಎಷ್ಟು ಗಂಟೆಗೆ?"

"ಹನ್ನೊಂದು ನಲವತ್ತೈದು ಆಗಿತ್ತು."

ನಾನು ಫೋನು ಇಟ್ಟು ಮೇಡಂಗೆ ಹೇಳಿದೆ. ಅವರು ಗಡಿಯಾರ ನೋಡಿದರು, ಪರದೆ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು.

"ದಿನಚರಿಲಿ ಬರಿ" ಎಂದರು.

"ಏನಂತ ಬರೀಲಿ?"

"ಹೊಳಲ್ಕೆರೆ–ಹೊಸದುರ್ಗ ಕೇಬಲ್ ತುಂಡು. ಯಾರಿಗೂ ತೊಂದರೆ ಆಗಿಲ್ಲ. ಅಷ್ಟೇ."

ಅಷ್ಟೇ ಬರೆದೆ. ಒಂದು ವಾರದ ನಂತರ ಆ ಕಂಡಕ್ಟರು ಎದ್ದು ಓಡಾಡುತ್ತಿದ್ದಾರೆಂದು ಮೇಡಂ ಎಲ್ಲಿಂದಲೋ ವಿಚಾರಿಸಿಕೊಂಡು ಬಂದು ಹೇಳಿದರು. ಆ ಮನುಷ್ಯನಿಗಾಗಲಿ ಡಾಕ್ಟರಿಗಾಗಲಿ ನಮ್ಮ ಕೇಬಲ್ಲಿನ ಸುದ್ದಿ ಗೊತ್ತಿಲ್ಲ. ಗೊತ್ತು ಮಾಡಬೇಕೆಂದು ಮೇಡಂಗೆ ಅನಿಸಲೂ ಇಲ್ಲ.

ಬೀಳ್ಕೊಡುಗೆಯ ದಿನ ದೊಡ್ಡ ಸಾಹೇಬರು, ಇವರು ಕಂಪ್ಯೂಟರ್ ರಿಪೇರಿಯಲ್ಲಿ ನಿಪುಣರು ಎಂದು ಹೊಗಳಿದರು. ಮೇಡಂ ತಿದ್ದಲಿಲ್ಲ. ಅವರ ಸರದಿ ಬಂದಾಗ ಎರಡೇ ನಿಮಿಷ ಮಾತಾಡಿ, ಫೋನು ಮಾಡಿ ಕೇಳಿಕೊಂಡು ಅಗೆದ ಜೆಸಿಬಿ ಡ್ರೈವರುಗಳಿಗೆಲ್ಲ ಕೈಮುಗಿದರು. ಅವರಲ್ಲಿ ಇಬ್ಬರು ಬಂದು ಹಿಂದಿನ ಸಾಲಿನ ಆಚೆ ಬಾಗಿಲಲ್ಲಿ ನಿಂತಿದ್ದರು. ಸಭೆಯವರೆಲ್ಲ ತಿರುಗಿ ನೋಡಿದ್ದಕ್ಕೆ ಒಬ್ಬ ನಾಚಿ ಹೊರಗೇ ಹೋಗಿಬಿಟ್ಟ.

ಈಗ ಮೇಡಂ ಆದಿವಾಲದಲ್ಲಿದ್ದಾರೆ, ಗಂಡನ ಊರು. ಹೋದ ವಾರ ಕಚೇರಿಯ ದೂರಿನ ನಂಬರಿಗೆ ಫೋನು ಬಂತು. ನಾನೇ ಎತ್ತಿದೆ.

"ನಮ್ಮೂರ ಪಂಚಾಯ್ತಿಲಿ ಎರಡು ದಿನದಿಂದ ನೆಟ್ ಇಲ್ಲ. ದೂರು ಬರ್ಕಳ್ರಿ" ಎಂದಿತು ದನಿ.

"ಮೇಡಂ, ನೀವಾ?"

"ಹೆಸರು ಊರು ಆಮೇಲೆ. ಮೊದಲು ದೂರು ಬರ್ಕ."

ಬರೆದುಕೊಂಡೆ. ಊರ ಹೊರಗೆ ಮೋರಿ ಕೆಲಸದಲ್ಲಿ ಕೇಬಲ್ ಹರಿದಿತ್ತು, ಮಧ್ಯಾಹ್ನದ ಒಳಗೆ ಜೋಡಿಸಿದೆವು. ಆಮೇಲೆ ಅವರ ಮನೆಗೆ ಹೋದೆ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸಿ, ನಾನು ತಿನ್ನುವುದನ್ನು ನೋಡುತ್ತಾ ಕುಳಿತು, "ಈ ಊರಿಗೂ ಒಂದೇ ಕೇಬಲ್ ಐತೆ" ಎಂದರು.

"ಗೊತ್ತು ಮೇಡಂ. ಅದಕ್ಕೇ ನೋಡಾಣ ಅಂತ ಬಂದೆ. ಹಿಂದುಗಡೆ ಹೊಲಗಳ ಮೇಲಿಂದ ಇನ್ನೊಂದು ತರೋಕಾಗುತ್ತಾ?"

ಅವರು ಎದ್ದು ನನ್ನನ್ನು ಹಿತ್ತಿಲ ಬೇಲಿಯವರೆಗೆ ಕರೆದುಕೊಂಡು ಹೋದರು. ಮಂಡಿ ನೋವಿನಿಂದ ಈಗ ನಿಧಾನವಾಗಿ ನಡೆಯುತ್ತಾರೆ. ದೂರದಲ್ಲಿ ಒಂದು ಜಾಲಿ ಮರ ಕಾಣುತ್ತಿತ್ತು.

"ಆ ಮರದವರೆಗೆ ನೆಲ ಮೆತ್ತಗೈತೆ, ಅಗೆಯಾಕೆ ತೊಂದ್ರೆ ಇಲ್ಲ. ಅಲ್ಲಿಂದಾಚೆ ನಾನು ನಡೆದಿಲ್ಲ. ನೀನೇ ನೋಡ್ಕಬೇಕು."

ಪ್ಯಾಂಟಿನ ಕಾಲು ಮಡಚಿಕೊಂಡು ನಾನು ಬೇಲಿ ದಾಟಿದೆ.